ನಾಲ್ಕನೇ ನಂಬರಿನ ಪೋಲೆಂಡ್ ಮೇಡಂ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಗುಟ್ಟೇನೂ ಅಲ್ಲ. ಹದಿನಾಲ್ಕು ವರ್ಷ ಪಕ್ಕದ ಮನೆಯಲ್ಲಿದ್ದರೂ ಆ ಹೆಸರು ನನ್ನ ಬಾಯಿಗೆ ಹೊಂದಲೇ ಇಲ್ಲ. ನಾನು ಹೇಳಲು ಹೊರಟಾಗಲೆಲ್ಲ ಅವರು ಹಲ್ಲುನೋವು ಬಂದವರ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೊನೆಗೆ ಅವರೇ ಸೋತು, "ಬಿಡು, ನಿನ್ನಿಂದ ಆಗುವ ಕೆಲಸ ಅಲ್ಲ ಅದು," ಎಂದರು. ಅಂದಿನಿಂದ ಅಲ್ ನಹ್ದಾದ ನಮ್ಮ ಕಟ್ಟಡದಲ್ಲಿ ಅವರು ಎಲ್ಲರಿಗೂ ಪೋಲೆಂಡ್ ಮೇಡಂ.

ಹೋದ ತಿಂಗಳು ಅವರು ದುಬೈ ಬಿಟ್ಟು ಊರಿಗೆ ಹೋದರು. ಅವರ ಫ್ಲ್ಯಾಟಿಗೆ ಬೆಂಗಳೂರಿನ ಗಂಡ ಹೆಂಡತಿ ಬಂದಿದ್ದಾರೆ. ಒಳ್ಳೆಯ ಮಕ್ಕಳು, ಬಾಗಿಲು ಹಾಕಿಕೊಂಡು ತಮ್ಮ ಪಾಡಿಗೆ ತಾವಿರುತ್ತಾರೆ. ಮೊನ್ನೆ ನಾನು ಖಾಲಿ ಲೋಟ ಹಿಡಿದುಕೊಂಡು ಹೋಗಿ ಸಕ್ಕರೆ ಕೇಳಿದೆ. ಆ ಹುಡುಗಿ ಕಣ್ಣರಳಿಸಿ, "ಆಂಟಿ, ಆ್ಯಪಲ್ಲಿ ಆರ್ಡರ್ ಮಾಡಿದ್ರೆ ಹತ್ತೇ ನಿಮಿಷದಲ್ಲಿ ಬರತ್ತಲ್ಲ," ಎಂದಳು. ಪಾಪ, ಅವಳ ತಪ್ಪೇನೂ ಇಲ್ಲ. ನನ್ನ ಅಡುಗೆಮನೆಯಲ್ಲಿ ಎರಡು ಕಿಲೋ ಸಕ್ಕರೆ ಆಗಲೇ ಇತ್ತು. ಮತ್ತೆ ಯಾಕೆ ಹೋದೆ ಎಂದು ಹೇಳಬೇಕಾದರೆ ಮೇಡಂ ವಿಷಯವನ್ನೇ ಹೇಳಬೇಕು.

ಅವರು ಮನೆಗೆ ಬಂದ ಮರುದಿನ ನಮ್ಮ ಬೆಲ್ ಆಗಿತ್ತು. ಬಾಗಿಲು ತೆರೆದರೆ ಎತ್ತರದ, ಗಂಡಸರ ಹಾಗೆ ಕೂದಲು ಕತ್ತರಿಸಿಕೊಂಡ ಬಿಳಿ ಹೆಂಗಸು, ಕೈಯಲ್ಲಿ ಖಾಲಿ ಲೋಟ. "ಸಕ್ಕರೆ," ಎಂದರು. ನಗುವಿಲ್ಲ, ಹಲೋ ಇಲ್ಲ. ಕೊಟ್ಟೆ. ಮೂರು ದಿನದ ಮೇಲೆ ಲೋಟ ವಾಪಸು ಬಂತು, ಅದರೊಳಗೆ ಉಪ್ಪುನೀರಿನಲ್ಲಿ ಹುಳಿಸಿದ ಸೌತೆಕಾಯಿ. ನಮ್ಮ ಮಂಗಳೂರು ಕಡೆಯೂ ಪಾತ್ರೆಯನ್ನು ಖಾಲಿ ವಾಪಸು ಕೊಡುವ ಕ್ರಮ ಇಲ್ಲವಲ್ಲ, ಹಾಗಾಗಿ ಹೆಂಗಸು ಪರವಾಗಿಲ್ಲ ಎಂದುಕೊಂಡೆ. ತಿಂಗಳು ಕಳೆದು ಅವರ ಮನೆಗೆ ಹೋದಾಗ ನೋಡುತ್ತೇನೆ, ಕಪಾಟಿನಲ್ಲಿ ಒಡೆಯದ ಸಕ್ಕರೆ ಪ್ಯಾಕೆಟ್ ಮೂರು!

"ಎಂತ ಮೇಡಂ, ಇಷ್ಟು ಇಟ್ಟುಕೊಂಡು ನನ್ನ ಹತ್ತಿರ ಕೇಳಿದ್ದಾ?" ಎಂದೆ.

"ಸಕ್ಕರೆ ಯಾರಿಗೆ ಬೇಕಿತ್ತು? ಬಾಗಿಲು ತಟ್ಟಲು ಒಂದು ನೆಪ ಬೇಕಿತ್ತು. ಈಗ ನಾನು ನಿನ್ನಿಂದ ತೆಗೆದುಕೊಂಡಿದ್ದೇನೆ. ನಾಳೆ ನಿನಗೆ ಏನಾದರೂ ಬೇಕಾದರೆ ನನ್ನ ಬಾಗಿಲು ತಟ್ಟಲು ನಾಚಿಕೆ ಆಗುವುದಿಲ್ಲ," ಎಂದರು.

ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ, ನನ್ನದೂ ಅಷ್ಟಕ್ಕಷ್ಟೆ. ಇಬ್ಬರದೂ ಸೇರಿ ಹೇಗೋ ನಡೆಯುತ್ತಿತ್ತು. ಅವರು ಹೇಳಿದ್ದನ್ನು ನನ್ನ ಕಿವಿಗೆ ಕೇಳಿಸಿದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಒಣಮೀನಿನ ಕಥೆಯೂ ಹಾಗೆಯೇ. ಒಂದು ಶುಕ್ರವಾರ ನಾನು ಒಣ ಬಂಗುಡೆ ಸುಡುತ್ತಿದ್ದೆ. ವಾಸನೆ ಕಾರಿಡಾರ್ ತುಂಬ ಹೋಗಿತ್ತು, ನಾನೇ ಒಪ್ಪಿಕೊಳ್ಳುತ್ತೇನೆ. ಬೆಲ್ ಆಯಿತು. ಕೀಹೋಲಿನಲ್ಲಿ ನೋಡಿದರೆ ಮೇಡಂ. ಬಂದರು ಜಗಳಕ್ಕೆ ಎಂದು ಸೆರಗು ಸಿಕ್ಕಿಸಿಕೊಂಡು, ಹೇಳಬೇಕಾದ್ದನ್ನೆಲ್ಲ ಇಂಗ್ಲಿಷಿನಲ್ಲಿ ಜೋಡಿಸಿಕೊಂಡು ಬಾಗಿಲು ತೆರೆದೆ. ಅವರ ಕೈಯಲ್ಲಿ ಪ್ಲೇಟು! "ಅದು ಏನೇ ಇರಲಿ, ನನಗೂ ಕೊಡು. ನನ್ನ ಅಪ್ಪ ಇಂಥದ್ದನ್ನು ಬ್ರೆಡ್ಡಿನ ಜೊತೆ ತಿನ್ನುತ್ತಿದ್ದರು," ಎಂದರು. ಜೋಡಿಸಿಟ್ಟ ಇಂಗ್ಲಿಷೆಲ್ಲ ದಂಡವಾಯಿತು.

ಅವರ ಕೆಲಸ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಫ್ಯಾಕ್ಟರಿಯಲ್ಲಿ. ಜಾಡಿಗಳ ತಗಡಿನ ಮುಚ್ಚಳ ಮಾಡುವ ಕಂಪನಿ. ಅಲ್ಲಿಂದ ನಮ್ಮ ಅಲ್ ನಹ್ದಾ ಎಂದರೆ ಊರಿನ ಈ ತುದಿಯಿಂದ ಆ ತುದಿ. ಅವರ ಸಂಬಳಕ್ಕೆ ಸಮುದ್ರದ ಬದಿ ದೊಡ್ಡ ಫ್ಲ್ಯಾಟೇ ಸಿಗುತ್ತಿತ್ತು. ಯಾಕೆ ಇಲ್ಲಿದ್ದೀರಿ ಎಂದು ಕೇಳಿದರೆ, "ಅಲ್ಲಿ ಎರಡು ವರ್ಷ ಇದ್ದೆ. ಪಕ್ಕದ ಮನೆಯಲ್ಲಿ ಯಾರಿದ್ದರು ಎಂದು ಈಗಲೂ ಗೊತ್ತಿಲ್ಲ," ಎನ್ನುತ್ತಿದ್ದರು. ನಮ್ಮ ಅಡುಗೆಮನೆಗೆ ಬಂದರೆ ಸಾಕು, ಶೆಲ್ಫಿನಲ್ಲಿದ್ದ ಪ್ರತಿ ಬಾಟಲಿಯ ಮುಚ್ಚಳವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಟಕ್ ಎಂದರೆ ಅದು ಒಳಗೆ ಗಾಳಿ ಹೊಕ್ಕದ್ದು, ಕೆಟ್ಟದ್ದು. ನನ್ನ ಅಕ್ಕ ಊರಿನಿಂದ ಕಳಿಸಿದ ಮಾವಿನ ಉಪ್ಪಿನಕಾಯಿಯನ್ನು ಹಾಗೆಯೇ ಕಸದ ಬುಟ್ಟಿಗೆ ಹಾಕಿದರು, ನನ್ನನ್ನು ಒಂದು ಮಾತು ಕೇಳದೆ. ನಾನು ಎರಡು ದಿನ ಮಾತು ಬಿಟ್ಟೆ. ಆಮೇಲೆ ಜುಲೈ ತಿಂಗಳಲ್ಲಿ ಅವರದೇ ಬಾಲ್ಕನಿಯ ಸೌತೆಕಾಯಿ ಜಾಡಿಗಳು ಸೆಖೆಗೆ ಹುಳಿ ಉಕ್ಕಿ ಢಂ ಎಂದು ಒಡೆದವು. ಕೆಳಗಿನ ಮನೆಯವರು ಒಗೆದು ಹಾಕಿದ ಬೆಡ್‌ಶೀಟಿನ ಮೇಲೆಲ್ಲ ನೀರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕ್ಯೂ ತಪ್ಪಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಲಿಫ್ಟಿಗೆ ನಿಂತಾಗ ಯಾರಾದರೂ ನುಗ್ಗಿದರೆ ಅವರ ಭುಜವನ್ನು ಎರಡು ಬೆರಳಿನಿಂದ ಹಿಡಿದು ಹಿಂದಕ್ಕೆ ತಂದು ನಿಲ್ಲಿಸುತ್ತಿದ್ದರು. ಬಯ್ಯುವುದಿಲ್ಲ, ಕೂಗುವುದಿಲ್ಲ, ನಿಲ್ಲಿಸುವುದು ಅಷ್ಟೇ. ಒಂದು ದಿನ ನಾನು ತಮಾಷೆಗೆ, "ನಿಮಗೆ ಕ್ಯೂ ಅಂದರೆ ದೇವರಾ ಮೇಡಂ?" ಎಂದೆ. ಅವರು ನಗಲಿಲ್ಲ. ಚಹಾ ಕಪ್ಪು ಕೆಳಗಿಟ್ಟರು. ಆವತ್ತು ಹೇಳಿದ ಕಥೆ ಇದು.

ಅವರು ಹುಟ್ಟಿದ್ದು ಒಂದು ನೂಲಿನ ಗಿರಣಿಯ ಊರಿನಲ್ಲಿ. ಸರ್ಕಾರ ಕಟ್ಟಿಸಿದ ನಾಲ್ಕು ಮಾಳಿಗೆಯ ಕಟ್ಟಡ, ಎಲ್ಲ ಮನೆಗಳೂ ಒಂದೇ ಅಳತೆ. ಕಮ್ಯುನಿಸ್ಟರ ಕಾಲ. ಅಂಗಡಿಗಳಲ್ಲಿ ವಿನೆಗರ್ ಬಾಟಲಿ ಬಿಟ್ಟರೆ ಏನೂ ಇರುತ್ತಿರಲಿಲ್ಲವಂತೆ. ಸಕ್ಕರೆಗೆ ಚೀಟಿ, ಮಾಂಸಕ್ಕೆ ಚೀಟಿ. ವಾಷಿಂಗ್ ಮಷೀನಿನಂಥ ದೊಡ್ಡ ಸಾಮಾನು ಬರುತ್ತದೆ ಎಂದು ಸುದ್ದಿ ಆದರೆ ವಾರಗಟ್ಟಲೆ ಕ್ಯೂ. ಅಷ್ಟು ದಿನ ಯಾರು ನಿಲ್ಲುತ್ತಾರೆ? ಹಾಗಾಗಿ ಜನರೇ ಒಂದು ಪಟ್ಟಿ ಮಾಡುತ್ತಿದ್ದರು. ಪ್ರತಿಯೊಬ್ಬರಿಗೂ ಒಂದು ನಂಬರು. ದಿನಕ್ಕೆ ಮೂರು ಸಲ ಹಾಜರಿ. ನಂಬರು ಕೂಗಿದಾಗ "ಯೆಸ್ತೆಮ್" ಎನ್ನಬೇಕು. ಇದ್ದೇನೆ ಎಂದು ಅರ್ಥ. ನೀವೇ ಬರಬೇಕೆಂದಿಲ್ಲ, ನಿಮ್ಮ ಪರವಾಗಿ ಯಾರು ಹೇಳಿದರೂ ಆಗುತ್ತಿತ್ತು. ಯಾರೂ ಹೇಳದಿದ್ದರೆ ಹೆಸರಿನ ಮೇಲೆ ಗೀಟು. ಮತ್ತೆ ಕೊನೆಯಿಂದ ಶುರು.

"ಎದುರು ಮನೆಯಲ್ಲಿ ಒಬ್ಬರಿದ್ದರು. ಗಿರಣಿ ಕೆಲಸ. ಗಂಡ ಬಿಟ್ಟುಹೋಗಿದ್ದ, ಮೂರು ಮಕ್ಕಳು. ನಮ್ಮ ಮನೆಯ ಬೀಗದ ಕೈ ಅವರ ಹತ್ತಿರ, ಅವರದು ನಮ್ಮ ಹತ್ತಿರ. ಶಾಲೆಯಿಂದ ಬಂದರೆ ನನಗೆ ಸೂಪು ಕೊಡುತ್ತಿದ್ದದ್ದು ಅವರೇ. ವಾಷಿಂಗ್ ಮಷೀನಿನ ಪಟ್ಟಿಯಲ್ಲಿ ಅವರ ನಂಬರು ಹದಿನೇಳು. ಒಂದು ದಿನ ಅವರಿಗೆ ಮಧ್ಯಾಹ್ನದ ಪಾಳಿ. ಹಾಜರಿಗೆ ನನ್ನನ್ನು ಕಳಿಸಿದರು. ನನಗೆ ಒಂಬತ್ತು ವರ್ಷ. ಪಕ್ಕದ ದಿಣ್ಣೆಯಲ್ಲಿ ಮಕ್ಕಳು ಹಿಮದ ಮೇಲೆ ಜಾರುತ್ತಿದ್ದರು."

ಮೇಡಂ ಚಹಾ ಕಪ್ಪನ್ನು ಮೇಜಿನ ಮೇಲೆ ತಿರುಗಿಸತೊಡಗಿದರು. ನಾನೇ ಕೇಳಿದೆ, "ನಿಮಗೆ ಕೇಳಿಸಲಿಲ್ಲವಾ?"

"ಕೇಳಿಸಿತು. ಹದಿನೇಳು ಎಂದು ಎರಡು ಸಲ ಕೂಗಿದರು. ಇದೊಂದು ಸಲ ಜಾರಿ ಆಮೇಲೆ ಹೋಗುತ್ತೇನೆ ಎಂದುಕೊಂಡೆ. ಹೋಗುವಾಗ ಗೀಟು ಎಳೆದಾಗಿತ್ತು. ಮನೆಗೆ ಬಂದು ಕೇಳಿಸಲೇ ಇಲ್ಲ ಎಂದು ಸುಳ್ಳು ಹೇಳಿದೆ. ಅವರು ನನಗೆ ಸೂಪು ಬಡಿಸಿದರು."

ಆಮೇಲೆ ಕಮ್ಯುನಿಸಂ ಹೋಯಿತು. ಆರು ತಿಂಗಳಿನಲ್ಲಿ ಅಂಗಡಿಗಳು ತುಂಬಿಹೋದವು. ಗಾಜಿನ ಹಿಂದೆ ವಾಷಿಂಗ್ ಮಷೀನುಗಳ ಸಾಲು, ಪಟ್ಟಿಯೂ ಬೇಡ, ಹಾಜರಿಯೂ ಬೇಡ. ಆದರೆ ನೂಲಿನ ಗಿರಣಿ ಮುಚ್ಚಿತು, ಎದುರು ಮನೆಯವರ ಕೆಲಸ ಹೋಯಿತು. ಮೇಡಂ ಅವರ ಅಪ್ಪ ಪೇಟೆಯ ಫುಟ್‌ಪಾತಿನಲ್ಲಿ ಮಡಚುವ ಮಂಚ ಹಾಕಿ ಅದರ ಮೇಲೆ ಜರ್ಮನಿಯ ಕಾಫಿಪುಡಿ, ಕಾಲುಚೀಲ ಇಟ್ಟು ಮಾರತೊಡಗಿದರು. ಮಂಚ ಹೋಗಿ ಗೂಡಂಗಡಿ ಆಯಿತು, ಗೂಡಂಗಡಿ ಹೋಗಿ ಅಂಗಡಿ ಆಯಿತು. ಮನೆಗೆ ಕಬ್ಬಿಣದ ಬಾಗಿಲು ಬಂತು, ಅದಕ್ಕೆ ಮೂರು ಬೀಗ. ಎದುರು ಮನೆಯಲ್ಲಿದ್ದ ಕೀಲಿಕೈಯನ್ನು ಅಪ್ಪ ವಾಪಸು ತೆಗೆದುಕೊಂಡರು.

"ಅಪ್ಪ ಕೆಟ್ಟವರಲ್ಲ. ದುಡಿದರು. ನಾವು ಚೆನ್ನಾಗಿ ಉಂಡೆವು. ಹಳೆಯ ಕಾಲ ಬೇಕು ಎಂದು ನಾನು ಹೇಳುವುದೇ ಇಲ್ಲ, ಆ ಕ್ಯೂ ನನ್ನ ಶತ್ರುವಿಗೂ ಬೇಡ. ಆದರೆ ಆ ಮೆಟ್ಟಿಲಿನಲ್ಲಿ ಯಾರೂ ಯಾರ ಬಾಗಿಲನ್ನೂ ತಟ್ಟದ ಹಾಗಾಯಿತು. ತಟ್ಟಿದರೆ ಸಾಲ ಕೇಳಲು ಬಂದಿದ್ದಾರೆ ಎಂದು ಹೆದರಿಕೆ," ಎಂದರು ಮೇಡಂ.

ಮೊದಲ ಕೆಲಸದ ಸಂಬಳ ಕೂಡಿಟ್ಟು ಮೇಡಂ ಒಂದು ವಾಷಿಂಗ್ ಮಷೀನು ಕೊಂಡರು. ಇಬ್ಬರು ಕೂಲಿಯವರಿಂದ ನಾಲ್ಕನೇ ಮಾಳಿಗೆಗೆ ಹೊರಿಸಿ ಎದುರು ಮನೆಯ ಬಾಗಿಲಿಗೆ ಇಳಿಸಿ, ಆವತ್ತಿನ ಸುಳ್ಳನ್ನು ಒಪ್ಪಿಕೊಂಡರು. ಆಕೆ ಒರಸುಬಟ್ಟೆಯಲ್ಲಿ ಕೈ ಒರಸಿಕೊಳ್ಳುತ್ತ ಮಷೀನನ್ನು ಸುತ್ತಿ ನೋಡಿ, "ಗೊತ್ತಿತ್ತು ಮಗು. ನೀನು ದಿಣ್ಣೆಯ ಮೇಲೆ ಇದ್ದದ್ದನ್ನು ಪಟ್ಟಿಯವರು ಆವತ್ತೇ ಹೇಳಿದ್ದರು. ಮುಂದಿನ ಸಲ ಉತ್ತರ ಕೊಡು," ಎಂದರಂತೆ. ಅಷ್ಟೇ. ಚಹಾ ಮಾಡಲು ಒಳಗೆ ಹೋದರಂತೆ.

ಮೇಡಂ ಕೆಲಸಕ್ಕೆ ಸೇರಿದ್ದ ಮುಚ್ಚಳದ ಫ್ಯಾಕ್ಟರಿಯೂ ಉಳಿಯಲಿಲ್ಲ. ಖಾಸಗಿಯವರು ಕೊಂಡರು, ಮುಚ್ಚಿದರು, ಯಂತ್ರಗಳನ್ನು ದುಬೈಗೆ ಮಾರಿದರು. ಆ ಹಳೆಯ ಯಂತ್ರಗಳ ಹಟ ಗೊತ್ತಿದ್ದವರು ಇವರೊಬ್ಬರೇ. ಯಂತ್ರಗಳ ಹಿಂದೆಯೇ ಇವರೂ ಬಂದರು. "ಜನ ಗಂಡನ ಹಿಂದೆ ಬರುತ್ತಾರೆ, ನಾನು ಮುಚ್ಚಳ ಒತ್ತುವ ಮಷೀನಿನ ಹಿಂದೆ ಬಂದೆ," ಎಂದು ನಗುತ್ತಿದ್ದರು. ಗಂಡನ ವಿಷಯ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇನ್ನು ನಮ್ಮ ಗುಟ್ಟಿನ ವಿಷಯ, ಎರಡು ವರ್ಷದ ಹಿಂದಿನದು. ನನ್ನ ಗಂಡನ ಕಿಡ್ನಿ ಎರಡೂ ಕೈಕೊಟ್ಟು ಆಗ ಎರಡು ವರ್ಷ. ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರ, ಡಯಾಲಿಸಿಸ್ ಆಗಲೇಬೇಕು. ಅವರ ಕಂಪನಿಗೆ ಗೊತ್ತಿತ್ತು, ನಾನು ಕೆಲಸ ಮಾಡುವ ಹೋಟೆಲಿನಲ್ಲಿ ಲಿನನ್ ರೂಮಿನ ಸೂಪರ್‌ವೈಸರಿಗೆ ಗೊತ್ತಿತ್ತು. ಕಟ್ಟಡದಲ್ಲಿ ಮಾತ್ರ ಒಬ್ಬರಿಗೂ ಹೇಳಿರಲಿಲ್ಲ. ಅಬುಧಾಬಿಯಲ್ಲಿ ಕೆಲಸದಲ್ಲಿದ್ದ ಮಗಳಿಗೆ ಸಂಬಂಧ ನೋಡುತ್ತಿದ್ದೆವು. ಅಪ್ಪನಿಗೆ ಕಿಡ್ನಿ ಇಲ್ಲ ಎಂದು ತಿಳಿದರೆ ಹುಡುಗಿಗೂ ಇದೆಯೋ ಏನೋ ಎಂದು ಶುರು ಮಾಡುತ್ತಾರೆ ನಮ್ಮ ಜನ. ಕೆಳಗೆ ಗ್ರೋಸರಿ ಇಟ್ಟಿರುವ ನಮ್ಮ ಊರಿನ ಬ್ಯಾರಿ, ಹಮೀದಾಕ, ಬಂಗಾರದಂಥ ಮನುಷ್ಯ, ನನ್ನನ್ನು ಬಾಯಮ್ಮ ಎಂದೇ ಕರೆಯುವುದು. ಆದರೆ ಅವರ ಕಿವಿಗೆ ಬೆಳಿಗ್ಗೆ ಬಿದ್ದದ್ದು ಮಧ್ಯಾಹ್ನಕ್ಕೆ ಮಂಗಳೂರು ಬಂದರಿನಲ್ಲಿ ಇರುತ್ತದೆ. ಹಾಗಾಗಿ ಯಾರು ಕೇಳಿದರೂ ನಮ್ಮವರು ಪಾರ್ಟ್‌ಟೈಮ್ ಲೆಕ್ಕ ಬರೆಯಲು ಹೋಗುತ್ತಾರೆ ಎಂದು ಹೇಳುತ್ತಿದ್ದೆ. ಮೇಡಮ್ಮಿಗೂ ಅದನ್ನೇ ಹೇಳಿದ್ದೆ.

ಆಗ ಬಂತು ಏಪ್ರಿಲ್ ತಿಂಗಳ ಆ ಮಳೆ. ಒಂದು ಮಂಗಳವಾರ ಇಡೀ ದಿನ ಸುರಿಯಿತು. ಘಟ್ಟದ ಕೆಳಗೆ ಹುಟ್ಟಿದ ನನಗೆ ಮಳೆ ಹೊಸದಲ್ಲ, ಆದರೆ ಇಲ್ಲಿ ನೀರಿಗೆ ಹೋಗಲು ದಾರಿಯೇ ಇಲ್ಲವಲ್ಲ. ಸಂಜೆಯ ಹೊತ್ತಿಗೆ ಬೀದಿಯಲ್ಲಿ ಸೊಂಟದ ಮಟ್ಟ ನೀರು. ನೆಲಮಾಳಿಗೆಗೆ ನೀರು ನುಗ್ಗಿ ಕರೆಂಟು ಹೋಯಿತು, ಲಿಫ್ಟು ನಿಂತಿತು. ನಮ್ಮದು ಆರನೇ ಮಾಳಿಗೆ. ಮಂಗಳವಾರದ ಡಯಾಲಿಸಿಸ್ ತಪ್ಪಿತು. ಶನಿವಾರ ಆದದ್ದೇ ಕೊನೆ.

ಬುಧವಾರ ನಮ್ಮವರ ಪಾದ ಊದಿತು. ಆಂಬುಲೆನ್ಸಿಗೆ ಫೋನು ಸಿಗುತ್ತಿರಲಿಲ್ಲ, ಊರಿಗೆ ಊರೇ ಫೋನು ಮಾಡುತ್ತಿತ್ತಲ್ಲ. ಡಯಾಲಿಸಿಸ್ ಸೆಂಟರಿನ ನರ್ಸು ಹೇಗೋ ಸಿಕ್ಕಿ, "ಒಣ ರಸ್ತೆಗೆ ಮುಟ್ಟಿಸಿ, ಅಲ್ಲಿಂದ ನಾವು ಕರೆದುಕೊಳ್ಳುತ್ತೇವೆ," ಎಂದಳು. ಒಣ ರಸ್ತೆ ಒಂದು ಕಿಲೋಮೀಟರು ಆಚೆ. ಬಾಗಿಲು ತಟ್ಟಿದ ಸದ್ದಾಯಿತು, ಮೇಡಂ. ಎರಡು ಬಾಳೆಹಣ್ಣು, ಒಂದು ಲೋಟ ಸೌತೆಕಾಯಿಯ ಉಪ್ಪುನೀರು. "ನಿನ್ನ ಗಂಡನ ಮುಖ ಬಾಡಿದೆ, ಕುಡಿಸು, ಶಕ್ತಿ ಬರುತ್ತದೆ," ಎಂದರು. ಕಿಡ್ನಿ ಇಲ್ಲದವರಿಗೆ ಅವೆರಡೂ ವಿಷ. ಇಬ್ಬರಿಗೂ ಉಪವಾಸ ಎಂದುಬಿಟ್ಟೆ. ಈಸ್ಟರ್ ಮುಗಿದ ಮೇಲೆ ಎಂಥ ಉಪವಾಸ? ಅವರೂ ನನ್ನ ಹಾಗೆ ಕ್ಯಾಥೊಲಿಕ್. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ವಾಪಸು ಹೋದರು.

ಮಧ್ಯಾಹ್ನ ಒಬ್ಬ ಪುಣ್ಯಾತ್ಮ ಪಠಾಣ ಮಣ್ಣೆತ್ತುವ ಶಾವಲ್ ತಂದ. ಅದರ ಬಕೆಟ್ಟಿನಲ್ಲಿ ಆರು ಜನರನ್ನು ಕೂರಿಸಿ ಒಣ ರಸ್ತೆಗೆ ಬಿಡುತ್ತಿದ್ದ. ಬೀದಿಯ ಎಲ್ಲ ಕಟ್ಟಡಕ್ಕೂ ಅವನೊಬ್ಬನೇ, ನಮಗೆ ಆವತ್ತು ಒಂದೇ ಸಲ, ಮರುದಿನದಿಂದ ಬೆಳಿಗ್ಗೆ ಸಂಜೆ ಎರಡು ಸಲ. ಮೊದಲ ಸಲ ಆರು ಗಟ್ಟಿ ಗಂಡಸರು ನುಗ್ಗಿ ಹೋದರು. ಬಸುರಿ ಹೆಂಗಸೊಬ್ಬಳು ಮೆಟ್ಟಿಲಿನಲ್ಲೇ ಉಳಿದಳು.

ಅದನ್ನು ಮೇಡಂ ನೋಡಿದ್ದೇ ತಡ, ಹಮೀದಾಕನ ಅಂಗಡಿಯ ಒಂದು ರಟ್ಟಿನ ಪೆಟ್ಟಿಗೆ ಹರಿದು ಲಾಬಿಯ ಮೆಟ್ಟಿಲ ಮೇಲೆ ಕೂತರು. "ಪಟ್ಟಿ," ಎಂದರು. ಕಾಯಿಲೆಯವರು ಮೊದಲು, ಹಸುಗೂಸು, ಆಮೇಲೆ ಫ್ಲೈಟು, ಆಮೇಲೆ ಅಂಗಡಿ ಸಾಮಾನು, ಕೊನೆಗೆ ಕೆಲಸಕ್ಕೆ ಹೋಗುವವರು. ಹೊರಡುವ ಮೊದಲು ಹಾಜರಿ. ಉತ್ತರ ಇಲ್ಲದಿದ್ದರೆ ಗೀಟು. ಮಲಯಾಳಿ, ಈಜಿಪ್ಟಿನವರು, ಫಿಲಿಪಿನೋ, ಎಲ್ಲರಿಂದಲೂ "ಯೆಸ್ತೆಮ್" ಹೇಳಿಸಿ ರಿಹರ್ಸಲ್ ಮಾಡಿಸಿದರು. ಬಸುರಿ ಹೆಂಗಸು ಒಂದು, ಅವಳ ಗಂಡ ಎರಡು, ಹಸುಗೂಸಿನ ತಾಯಿ ಮೂರು. ನಾಲ್ಕಕ್ಕೆ ತನ್ನದೇ ಹೆಸರು ಬರೆದು ಫ್ಲೈಟು ಎಂದರು. ಎಲ್ಲಿಗೆ ಎಂದು ಯಾರೋ ಕೇಳಿದ್ದಕ್ಕೆ "ರಜೆಗೆ" ಎಂದರು. ಹಮೀದಾಕ ಐದು, ಬ್ರೆಡ್ಡು ನೀರು ತರಲು. ನನ್ನ ಸರದಿ ಬಂತು.

"ನಿನ್ನ ಮನೆ? ಕಾರಣ?"

ಹಮೀದಾಕ ಪಕ್ಕದಲ್ಲೇ ನಿಂತಿದ್ದರು. ಆ ಗಳಿಗೆ ನನ್ನ ನಾಲಿಗೆಗೆ ಏನು ಬಡಿದಿತ್ತೋ! ಎರಡು ವರ್ಷ ಹೇಳಿ ಹೇಳಿ ರೂಢಿಯಾದ ಸುಳ್ಳೇ ಬಾಯಿಗೆ ಬಂತು. "ಕೆಲಸ," ಎಂದೆ. ಮೇಡಂ ಹತ್ತೊಂಬತ್ತು ಎಂದು ಬರೆದರು. ಹತ್ತೊಂಬತ್ತು ಎಂದರೆ ಶುಕ್ರವಾರ ಸಂಜೆ.

ಗುರುವಾರ ಬೆಳಿಗ್ಗೆ ನಮ್ಮವರಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತು, "ಯಾರಿಗೂ ಹೇಳಬೇಡ, ನಾಳೆ ಹೋಗುವ, ಮಗಳದ್ದೊಂದು ಆಗಲಿ," ಎನ್ನುತ್ತಿದ್ದರು. ಒಂದು ವಾಕ್ಯಕ್ಕೆ ಮೂರು ಸಲ ಉಸಿರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವರ ಮೇಲೆ, ನನ್ನ ಮೇಲೆ, ನೋಡದೇ ಇದ್ದ ಆ ಹುಡುಗರ ಮನೆಯವರ ಮೇಲೆ. "ಅಪ್ಪನೇ ಇಲ್ಲದ ಮೇಲೆ ಮದುವೆಯಲ್ಲಿ ಕೈ ಹಿಡಿದು ಕರೆದುಕೊಂಡು ಹೋಗುವವರು ಯಾರು ನೋಡಿ," ಎಂದು ಹೇಳಿ ಆರು ಮಾಳಿಗೆ ಇಳಿದೆ.

ಲಾಬಿಯಲ್ಲಿ ಮೂವತ್ತು ನಲವತ್ತು ಜನ. ಶಾವಲ್ ಬರುವ ಹೊತ್ತು. ನಾನು ಕೊನೆಯ ಮೆಟ್ಟಿಲಿನಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ನಾನು ಸುಳ್ಳು ಹೇಳಿದ್ದು. ಇವರಿಗೆ ಕೆಲಸ ಅಲ್ಲ. ಎರಡೂ ಕಿಡ್ನಿ ಇಲ್ಲ. ಐದು ದಿನದಿಂದ ಡಯಾಲಿಸಿಸ್ ಆಗಲಿಲ್ಲ. ಇವತ್ತು ಆಗದಿದ್ದರೆ ಉಳಿಯುವುದಿಲ್ಲ."

ಆರನೇ ನಂಬರಿನ ಹುಡುಗನೊಬ್ಬ, ಕೋಟು ಹಾಕಿಕೊಂಡು ಬ್ಯಾಗು ಹಿಡಿದವನು, "ಎಲ್ಲರೂ ಹೀಗೆ ಶುರು ಮಾಡಿದರೆ ಪಟ್ಟಿ ಯಾಕೆ ಬೇಕು?" ಎಂದ. ಮೇಡಂ ಅವನ ಕಡೆ ತಿರುಗಿ, "ಸರಿ ಮಾತು. ಮಧ್ಯೆ ಯಾರೂ ನುಗ್ಗುವ ಹಾಗಿಲ್ಲ. ಆದರೆ ನನ್ನ ನಂಬರು ನನ್ನದು," ಎಂದು ಹೇಳಿ ನಾಲ್ಕನೇ ಸಾಲಿನಲ್ಲಿ ತನ್ನ ಹೆಸರಿನ ಮೇಲೆ ಗೀಟು ಎಳೆದು ನಮ್ಮವರ ಹೆಸರು ಬರೆದರು. ನನ್ನ ಮುಖ ನೋಡಲಿಲ್ಲ.

"ಒಬ್ಬರನ್ನೇ ಕಳಿಸುವುದು ಹೇಗೆ ಮಾರಾಯ್ರೆ?" ಹಮೀದಾಕ ಮುಂದೆ ಬಂದರು. "ನಂದೂ ಕ್ಯಾನ್ಸಲ್ ಮಾಡಿ. ಬಾಯಮ್ಮ ಹೋಗ್ಲಿ. ಬ್ರೆಡ್ ಸಾಯಂಕಾಲ ತಂದ್ರೂ ಆಯ್ತು, ಯಾರೂ ಸಾಯುದಿಲ್ಲ." ಮತ್ತೆ ನನ್ನ ಹತ್ತಿರ ಬಂದು ಮೆಲ್ಲಗೆ, "ಎಂತ ಬಾಯಮ್ಮ, ನಮಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ? ನಾವೆಂತ ಪರ್ಕೀಯರಾ?" ಎಂದರು. ನನಗೆ ಅಲ್ಲೇ ನೆಲ ಬಾಯಿಬಿಡಬಾರದೇ ಎನಿಸಿತು.

ನಾಲ್ಕು ಜನ ನನ್ನ ಜೊತೆ ಮೇಲೆ ಓಡಿದರು. ಊಟದ ಕುರ್ಚಿಯ ಮೇಲೆ ನಮ್ಮವರನ್ನು ಕೂರಿಸಿ, ಬೆಡ್‌ಶೀಟಿನಿಂದ ಕಟ್ಟಿ ಇಳಿಸತೊಡಗಿದರು. ಕತ್ತಲೆ ಮೆಟ್ಟಿಲು, ಮೊಬೈಲಿನ ಬೆಳಕು. ಪ್ರತಿ ತಿರುವಿನಲ್ಲೂ ಕುರ್ಚಿ ಇಳಿಸಿ ಅವರಿಗೆ ಉಸಿರು ತೆಗೆದುಕೊಳ್ಳಲು ಬಿಡಬೇಕಿತ್ತು. ಮೂರನೇ ಮಾಳಿಗೆಯಲ್ಲಿದ್ದಾಗ ಶಾವಲ್ಲಿನ ಹಾರ್ನ್ ಕೇಳಿಸಿತು. ಎರಡನೆಯದಕ್ಕೆ ಬರುವಾಗ ಕೆಳಗೆ ಹಾಜರಿ ಶುರುವಾಗಿತ್ತು. ಒಂದು, ಯೆಸ್ತೆಮ್. ಎರಡು, ಯೆಸ್ತೆಮ್. ಮೂರು, ಯೆಸ್ತೆಮ್.

"ನಂಬರ್ ನಾಲ್ಕು!"

ನಾನು ಕೂಗಲು ಹೋದೆ, ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಮತ್ತೆ ಅದೇ ಸ್ವರ, ಕೂಗಿದವರದೇ ಸ್ವರ, ಇಡೀ ಮೆಟ್ಟಿಲು ಮೊಳಗುವ ಹಾಗೆ: "ಯೆಸ್ತೆಮ್!"

"ಮೇಡಂ, ಎಲ್ಲಿದ್ದಾರೆ ಅವರು? ಇಲ್ಲದವರಿಗೆ ಗೀಟು ಎಂದು ನೀವೇ ಹೇಳಿದ್ದಲ್ಲವಾ?" ಕೋಟಿನ ಹುಡುಗ.

"ಉತ್ತರ ಇಲ್ಲದವರಿಗೆ ಗೀಟು ಎಂದಿದ್ದೆ. ಉತ್ತರ ನಾನು ಕೊಟ್ಟೆನಲ್ಲ. ಪಕ್ಕದ ಮನೆಯವಳು ನಾನು."

ನಾವು ಇಳಿದಾಗ ಅವರು ಮೊಣಕಾಲು ಮುಳುಗುವ ನೀರಿನಲ್ಲಿ, ಶಾವಲ್ಲಿನ ಬಕೆಟ್ಟಿಗೆ ಕೈಯಿಟ್ಟು ನಿಂತಿದ್ದರು. ಪಠಾಣ "ಯಲ್ಲಾ, ಯಲ್ಲಾ" ಎಂದು ಗೊಣಗುತ್ತಿದ್ದ, ಆದರೆ ಅವರ ಕೈ ತೆಗೆಸುವ ಧೈರ್ಯ ಅವನಿಗೂ ಇರಲಿಲ್ಲ. ಕುರ್ಚಿಯ ಒಂದು ಬದಿಯನ್ನು ಎತ್ತಿ ಬಕೆಟ್ಟಿಗೆ ಏರಿಸಿದ್ದು ಆ ಕೋಟಿನ ಹುಡುಗನೇ.

ಆವತ್ತು ನಮ್ಮವರು ಉಳಿದರು. ನರ್ಸು ನನ್ನನ್ನು ಬೈದ ಬೈಗುಳ ಈಗ ಬೇಡ. ಹತ್ತು ದಿನ ಅಬುಧಾಬಿಯಲ್ಲಿ ಮಗಳ ಮನೆಯಲ್ಲಿದ್ದು, ಅಲ್ಲೇ ಡಯಾಲಿಸಿಸ್ ಮಾಡಿಸಿಕೊಂಡು ವಾಪಸು ಬಂದೆವು. ಬಂದವಳು ಮೊದಲು ಮೇಡಮ್ಮಿನ ಬಾಗಿಲಿಗೆ ಹೋದೆ. ತೆರೆದರು, ನೋಡಿದರು, ಮುಚ್ಚಿದರು. ಮರುದಿನವೂ ಅದೇ. ಏನಾಯಿತಪ್ಪ ಎಂದು ಕೆಳಗೆ ಹಮೀದಾಕನ ಹತ್ತಿರ ಕೇಳಿದೆ.

"ನಿಮಗೆ ಗೊತ್ತಿಲ್ವಾ? ಊರಿಗೆ ಹೋಗಿ ಬಂದ್ರಲ್ಲ. ಬಂದವರೇ ನನ್ನ ಹತ್ರ ಇದ್ದ ದೊಡ್ಡ ಮೇಣದ ಬತ್ತಿ ಎಲ್ಲ ತಗೊಂಡು ಹೋದ್ರು. ಯಾರಿಗೆ ಅಂತ ಕೇಳಿದೆ. ಸಣ್ಣದಿರುವಾಗ ಸೂಪ್ ಕೊಡ್ತಿದ್ದ ಎದುರು ಮನೆಯ ಅಜ್ಜಿ ಅಂತೆ. ಆ ಗುರುವಾರ ಹೋಗುದಿತ್ತಂತೆ ನೋಡ್ಲಿಕ್ಕೆ, ಅಜ್ಜಿ ಬಾ ಬಾ ಅಂತ ಹೇಳ್ತಾ ಇದ್ರಂತೆ. ಶುಕ್ರವಾರವೇ ಖಲಾಸ್. ಇವ್ರಿಗೆ ಮಣ್ಣು ಹಾಕ್ಲಿಕ್ಕೆ ಮಾತ್ರ ಸಿಕ್ಕಿದ್ದು."

ನಾನು ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತೆ. ರಜೆ ಎಂದಿದ್ದರಲ್ಲ! ಕೂತಲ್ಲಿಂದ ಎದ್ದು ಮೇಲೆ ಹೋಗಿ ಬೆಲ್ ಒತ್ತಿ ಹಿಡಿದೆ, ತೆರೆಯುವ ತನಕ ಬಿಡಲಿಲ್ಲ. ಮುಚ್ಚಲು ಹೋದ ಬಾಗಿಲಿಗೆ ಕಾಲು ಅಡ್ಡ ಇಟ್ಟೆ.

"ಹದಿನಾಲ್ಕು ವರ್ಷ!" ಎಂದರು ಅವರು, ಬಾಗಿಲಿನ ಸಂದಿಯಿಂದಲೇ. ಆಗ ನಿಜಕ್ಕೆ ಹನ್ನೆರಡು ವರ್ಷ, ಸಿಟ್ಟಿನಲ್ಲಿ ಎರಡು ಸೇರಿಸಿದ್ದರು. "ಗೋಡೆಯ ಈಚೆ ನಾನು, ಆಚೆ ನೀನು. ನಿನ್ನ ಗಂಡ ಸಾಯುತ್ತಿದ್ದಾನೆ, ನೀನು ಬಂದು ನನ್ನ ಹತ್ತಿರ ಹತ್ತೊಂಬತ್ತು ನಂಬರು ಬರೆಸಿಕೊಳ್ಳುತ್ತೀಯಾ? ನಾನು ಅವನಿಗೆ ಉಪ್ಪುನೀರು ತಂದಿದ್ದೆ! ಕುಡಿದಿದ್ದರೆ?"

"ನೀವು? ನೀವು ಹೇಳಿದ್ದೀರಾ? ರಜೆಯಂತೆ ರಜೆ! ಆ ಅಜ್ಜಿ ಅಂತ ಗೊತ್ತಿದ್ದರೆ ನಿಮ್ಮ ಜಾಗ ನಾನು ತೆಗೆದುಕೊಳ್ಳುತ್ತಿದ್ದೆನಾ?"

"ತೆಗೆದುಕೊಳ್ಳುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ," ಎಂದರು.

ಆಮೇಲೆ ನಮ್ಮಿಬ್ಬರಿಗೂ ಬೈಯಲು ಏನೂ ಉಳಿಯಲಿಲ್ಲ. ಹೊಸ್ತಿಲಿನಲ್ಲೇ ನಿಂತು ಇಬ್ಬರೂ ಅತ್ತೆವು. ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಒಳಗೆ ಕಿಟಕಿಯ ಹತ್ತಿರ ಮೇಣದ ಬತ್ತಿ ಉರಿಯುತ್ತಿತ್ತು. ಮೂಗು ಒರಸಿಕೊಂಡು, "ಅಜ್ಜಿ ನನಗೆ ಬೈಯುತ್ತಿರಲಿಲ್ಲ. ಉತ್ತರ ಕೊಟ್ಟೆಯಾ ಎಂದು ಕೇಳುತ್ತಿದ್ದರು, ಕೊಟ್ಟೆ ಎನ್ನುತ್ತಿದ್ದೆ," ಎಂದರು. ಮರುದಿನ ಅವರ ಮನೆಯ ಒಂದು ಕೀಲಿಕೈ ನನ್ನ ಕೈಗೆ ಬಂತು, ನಮ್ಮದು ಅವರ ಹತ್ತಿರ ಹೋಯಿತು. ಹಮೀದಾಕನ ಬಾಯಿಯಿಂದ ನಮ್ಮ ಸುದ್ದಿ ಮಂಗಳೂರಿಗೂ ಹೋಯಿತು. ಬರುತ್ತಿದ್ದ ಎರಡು ಸಂಬಂಧ ನಿಂತವು. ಮೂರನೆಯದರ ಹುಡುಗ ಮೊದಲು ಕೇಳಿದ್ದು, ಮಾವನವರ ಡಯಾಲಿಸಿಸ್ ದಿನ ಬಿಟ್ಟು ಮದುವೆ ಯಾವ ದಿನ ಇಟ್ಟುಕೊಳ್ಳುವ ಎಂದು. ಇಗರ್ಜಿಯಲ್ಲಿ ನಮ್ಮವರೇ ಮಗಳ ಕೈ ಹಿಡಿದು ನಡೆಸಿದರು.

ಮೇಡಂ ಹೊರಡುವ ದಿನ ಬೆಳಿಗ್ಗೆ ಲಾಬಿಯಲ್ಲಿ ಆರೂ ಮಾಳಿಗೆಯ ಜನ ಸೇರಿದ್ದೆವು. ಕಂಪನಿಯ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಿದ್ದರಂತೆ, ಇನ್ನು ತನಗೂ ಇಲ್ಲಿ ಕೆಲಸವಿಲ್ಲ ಎಂದಿದ್ದರು. ಅವರದು ಎರಡೇ ಪೆಟ್ಟಿಗೆ, ಒಂದರ ತುಂಬ ಖಾಲಿ ಜಾಡಿಗಳು. ಊರಿನಲ್ಲಿ ಆ ಅಜ್ಜಿ ಇದ್ದ ಮನೆಯನ್ನೇ ಕೊಂಡಿದ್ದರು. ಮೆಟ್ಟಿಲಿನ ಮೊದಲ ಬಾಗಿಲಿನಿಂದಲೇ ಸಕ್ಕರೆ ಕೇಳಲು ಶುರು ಮಾಡುತ್ತೇನೆ, ಯಾರು ಕೊಡುವುದಿಲ್ಲವೋ ನೋಡುತ್ತೇನೆ ಎಂದು ಹಟ ತೊಟ್ಟವರ ಹಾಗೆ ಹೇಳಿದರು. ಎಲ್ಲರ ಕೈ ಕುಲುಕಿದರು. ಅಳು ಬರುವ ಮುಖ ಯಾರದಿತ್ತೋ ಅವರಿಗೆ ಮುಚ್ಚಳ ಒತ್ತುವ ಹಾಗೆ ಹಣೆಗೆ ಹೆಬ್ಬೆರಳು ಒತ್ತಿದರು.

ಟ್ಯಾಕ್ಸಿಯ ಬಾಗಿಲು ತೆರೆದಾಗ ನಮ್ಮವರು ಕುರ್ಚಿಯಿಂದ ಎದ್ದರು. ನಾಲ್ಕು ಜನರ ಮುಂದೆ ಸ್ವರ ಎತ್ತಿ ಮಾತನಾಡಿದವರಲ್ಲ ಅವರು. ಜೇಬಿನಿಂದ ಆ ರಟ್ಟಿನ ತುಂಡನ್ನು ತೆಗೆದರು. ಅದನ್ನು ಯಾವಾಗ ಎತ್ತಿಟ್ಟಿದ್ದರೋ ನನಗೂ ತಿಳಿಯದು. ನಾಲ್ಕನೇ ಸಾಲಿನಲ್ಲಿ ಗೀಟಿನ ಕೆಳಗೆ ಮೇಡಮ್ಮಿನ ಹೆಸರು ಇನ್ನೂ ಕಾಣುತ್ತಿತ್ತು.

"ನಂಬರ್ ನಾಲ್ಕು!" ಎಂದು ಕೂಗಿದರು.

ಮೇಡಂ ತಿರುಗಿದರು. ಬಾಯಿ ತೆರೆದರು, ಸ್ವರ ಬರಲಿಲ್ಲ. ನಮ್ಮವರು ಎರಡನೇ ಸಲ ಕೂಗಿದರು, "ನಂಬರ್ ನಾಲ್ಕು!" ಅವರು ತಲೆಯಾಡಿಸಿದರು, ಆಗುವುದಿಲ್ಲ ಎನ್ನುವ ಹಾಗೆ, ಕೈಯಿಂದ ಬಾಯಿ ಮುಚ್ಚಿಕೊಂಡು.

"ಯೆಸ್ತೆಮ್!" ಎಂದೆ ನಾನು, ಬೀದಿಗೆಲ್ಲ ಕೇಳುವ ಹಾಗೆ. ಪಕ್ಕದ ಮನೆಯವಳು ನಾನು.